ಮಜ್ಜಿಗೆ ಹುಲ್ಲು, ತೆಪ್ಪಾಳ್ ಮತ್ತು ನಾಲ್ಕು ದಿನದ ರಜೆ

ಪ್ರಶ್ನೆ: ನಾವು ಡೊಂಬಿವಲಿಯವರು. ಥಾಯ್ಲೆಂಡಿಗೆ ಹೋಗೋಣ ಅಂತ ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದೆವು. ಅಷ್ಟರಲ್ಲಿ ಅತ್ತೆಯ ಮೊಣಕಾಲಿನ ಆಪರೇಷನ್ ಬಂತು, ಕೂಡಿಟ್ಟ ದುಡ್ಡು ಅಲ್ಲಿಗೆ ಹೋಯಿತು. ಈಗ ಉಳಿದಿರುವುದು ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನದ ರಜೆ, ಹನ್ನೆರಡು ಸಾವಿರ ರೂಪಾಯಿ. ಮುಂಬೈಯಲ್ಲೇ ಚೈನೀಸ್, ಬರ್ಮೀಸ್, ಥಾಯ್, ಕೊರಿಯನ್ ಎಲ್ಲ ತಿನ್ನೋಣ, ಮನೆಯಲ್ಲೂ ಮಾಡಿ ನೋಡೋಣ ಅಂತ ಒಂಬತ್ತನೇ ಕ್ಲಾಸಿನ ಮಗಳ ಹಠ. ಅತ್ತೆ ಉಡುಪಿ ಕಡೆಯವರು, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಗಂಡ ಹೊರಗೆ ಎಲ್ಲ ತಿನ್ನುತ್ತಾರೆ, ಮನೆಯಲ್ಲಿ ಅದನ್ನು ಹೇಳುವ ಹಾಗಿಲ್ಲ. ಎಲ್ಲರನ್ನೂ ಹೇಗೆ ಹೊಂದಿಸುವುದು? ಚಾಪ್‌ಸ್ಟಿಕ್ ಯಾವುದು ಕೊಳ್ಳಬೇಕು ಅಂತಲೂ ಮಗಳು ಕೇಳುತ್ತಿದ್ದಾಳೆ.

ಉತ್ತರ:

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮಗಳು ಬರೆದಿಟ್ಟಿರುವ ಹೋಟೆಲ್‌ಗಳ ಪಟ್ಟಿ ಇರುತ್ತದಲ್ಲ, ಹತ್ತೋ ಹನ್ನೆರಡೋ ಹೆಸರು, ಅದರಲ್ಲಿ ಮೂರು ಬಿಟ್ಟು ಉಳಿದದ್ದನ್ನು ಹೊಡೆದು ಹಾಕಿ. ದಿನಕ್ಕೆ ಎರಡು ಕಡೆ ತಿಂದರೆ ಮೂರನೇ ದಿನ ಎಲ್ಲದಕ್ಕೂ ಸೋಯಾ ಸಾಸಿನದೇ ರುಚಿ. ಮಧ್ಯಾಹ್ನ ಒಂದು ಕಡೆ ಹೊರಗೆ ತಿನ್ನಿ. ರಾತ್ರಿ ಅದೇ ದೇಶದ ಒಂದು ಸಣ್ಣ ಅಡುಗೆ ಮನೆಯಲ್ಲಿ ಮಾಡಿ. ನಾಲಿಗೆಯಲ್ಲಿ ನೆನಪು ಹಸಿಯಾಗಿರುವಾಗಲೇ ಕೈ ಕಲಿಯುತ್ತದೆ. ನಾನು ಕಲಿತದ್ದೂ ಹಾಗೆಯೇ.

ನಾನು ಕುಂದಾಪುರ ಕಡೆಯಿಂದ ಮುಂಬೈಗೆ ಬಂದಾಗ ಮೀಸೆ ಮೂಡಿರಲಿಲ್ಲ. ಹಗಲು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ಒಂದು ದಿನ ಧಣಿಗಳು ಇಡ್ಲಿ ವಡೆಯ ಪಕ್ಕದಲ್ಲೇ ‘ಚೈನೀಸ್ ಸೆಕ್ಷನ್’ ಶುರು ಮಾಡಿದರು. ಡಾರ್ಜಿಲಿಂಗ್ ಕಡೆಯ ಒಬ್ಬ ಅಡುಗೆಯವ ಬಂದ. ಅವನಿಗೆ ಕ್ಯಾಬೇಜ್ ಹೆಚ್ಚಿಕೊಡುವುದು ನನ್ನ ಪಾಲಿಗೆ ಬಂತು. ಅಲ್ಲಿಂದ ಮುಂದಿನ ಮೂವತ್ತು ಚಿಲ್ಲರೆ ವರ್ಷ ನಾನು ಬಾಣಲೆ ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ನನಗೆ ಪದೇ ಪದೇ ಕಂಡದ್ದು ಏನೆಂದರೆ, ಪೂರ್ವ ದೇಶಗಳ ಅಡುಗೆಗೆ ಬೇಕಾದ ಅರ್ಧ ಸಾಮಾನು ನಮ್ಮ ಕರಾವಳಿಯ ಅಡುಗೆಮನೆಯಲ್ಲೇ ಬಿದ್ದಿರುತ್ತದೆ. ತೆಂಗಿನಹಾಲು, ಒತ್ತು ಶಾವಿಗೆ, ಸೂಜಿ ಮೆಣಸು, ಕಳಲೆ, ಅಕ್ಕಿ ಹಿಟ್ಟು. ನಿಮ್ಮ ಅತ್ತೆಯನ್ನು ನೀವು ತೊಡಕು ಅಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ಈ ನಾಲ್ಕು ದಿನಕ್ಕೆ ಅವರೇ ದೊಡ್ಡ ಭಟ್ಟರು.

ದಿನಗಳನ್ನು ಹೀಗೆ ಹೊಂದಿಸಿ: ಗುರುವಾರ ಚೀನಾ, ಶುಕ್ರವಾರ ಬರ್ಮಾ, ಶನಿವಾರ ಥಾಯ್, ಭಾನುವಾರ ಮನೆಯಲ್ಲೇ ಕೊರಿಯಾ. ಭಾನುವಾರ ಯಾಕೆ ಮನೆ ಅಂತ ಸೆಂಟ್ರಲ್ ಲೈನಿನವರಿಗೆ ಹೇಳಬೇಕಾಗಿಲ್ಲ. ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವ ಮೆಗಾ ಬ್ಲಾಕಿನಲ್ಲಿ ಸಿಕ್ಕಿಕೊಂಡು ಠಾಣೆಯಲ್ಲಿ ನಿಂತರೆ ರಜೆಯ ರುಚಿಯೆಲ್ಲ ಇಳಿದು ಹೋಗುತ್ತದೆ. ಉಳಿದ ದಿನಗಳಲ್ಲೂ ಹತ್ತೂವರೆಯ ಮೇಲೆ ಹೊರಡಿ, ನಾಲ್ಕರೊಳಗೆ ವಾಪಸು ಗಾಡಿ ಹತ್ತಿ.

ಗುರುವಾರ ಅತ್ತೆ ಮನೆಯಲ್ಲಿರಲಿ, ನೀವು ಮೂವರು ಹೋಗಿ. ಫಾಸ್ಟ್ ಗಾಡಿಯಲ್ಲಿ ಭಾಯಖಳಾದಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಮಜಗಾಂವ್‌ಗೆ ಹೋಗಿ. ಅಲ್ಲಿ ನವಾಬ್ ಟ್ಯಾಂಕ್ ರಸ್ತೆಯ ಹತ್ತಿರ ಸೀ ಯುಪ್ ಕೂನ್ ಎಂಬ ಚೀನೀ ದೇವಸ್ಥಾನ ಇದೆ. 1919ರಲ್ಲಿ ಕಟ್ಟಿದ್ದು. ಹೊರಗಿನಿಂದ ಮಾಮೂಲಿ ಹಳೇ ಮನೆ ಹಾಗೆ ಕಾಣುತ್ತದೆ, ಕೆಂಪು ಬಣ್ಣ ನೋಡಿ ಗುರುತು ಹಿಡಿಯಬೇಕು. ಕೆಳಗೆ ಕರುಣೆಯ ದೇವತೆ ಗುವಾನ್ ಯಿನ್, ಮೆಟ್ಟಿಲು ಹತ್ತಿದರೆ ಯೋಧ ದೇವರು ಗುವಾನ್ ಗಾಂಗ್. ಸೀ ಯುಪ್ ಅಂದರೆ ‘ನಾಲ್ಕು ಸೀಮೆ’, ಕ್ಯಾಂಟನ್ ಪ್ರಾಂತ್ಯದ ನಾಲ್ಕು ತಾಲೂಕುಗಳು ಅಂತ ಇಟ್ಟುಕೊಳ್ಳಿ. ಹಡಗು, ಬಂದರಿನ ಕೆಲಸಕ್ಕೆ ಬಂದ ಅಲ್ಲಿಯ ಜನ ತಮ್ಮೂರಿನ ಹೆಸರಲ್ಲಿ ಕಟ್ಟಿಕೊಂಡ ಜಾಗ. ನಮ್ಮವರು ಮಾಟುಂಗಾದಲ್ಲಿ ಸಂಘ ಕಟ್ಟಿಕೊಂಡ ಹಾಗೇ ಅಲ್ವಾ? 1962ರ ಯುದ್ಧದ ನಂತರ ದೇಶದ ಬೇರೆ ಬೇರೆ ಊರುಗಳಿಂದ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿ ಶಿಬಿರಕ್ಕೆ ಒಯ್ದು ಕೂಡಿಹಾಕಿದರು. ಆಮೇಲೆ ಎಷ್ಟೋ ಜನ ದೇಶವನ್ನೇ ಬಿಟ್ಟರು. ಮಂಚೂರಿಯನ್ ತಿನ್ನುವ ಮುಂಚೆ ಮಗಳು ಇದನ್ನು ತಿಳಿದರೆ ಒಳ್ಳೆಯದು.

ಮಂಚೂರಿಯನ್ ಅಂದೆ. ಅದು ಮಂಚೂರಿಯಾದಲ್ಲಿ ಸಿಗುವುದಿಲ್ಲ, ಹುಟ್ಟಿದ್ದು ಇದೇ ಊರಲ್ಲಿ. ಕಲ್ಕತ್ತಾದಲ್ಲಿ ಹುಟ್ಟಿ ಮುಂಬೈಗೆ ಬಂದ ನೆಲ್ಸನ್ ವಾಂಗ್ 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಅನ್ನುವುದು ಸಾಮಾನ್ಯವಾಗಿ ಹೇಳುವ ಕಥೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿದರು. ಗರಂ ಮಸಾಲೆಯ ಜಾಗಕ್ಕೆ ಸೋಯಾ ಸಾಸ್, ಕಾರ್ನ್ ಫ್ಲೋರ್ ಬಂತು. ನಮ್ಮ ಗೋಬಿ ಮಂಚೂರಿ ಅದರ ತಮ್ಮ. ಗಾಡಿಯಲ್ಲಿ ಕೆಂಪಗೆ ಹೊಳೆಯುವುದನ್ನು ಮಾತ್ರ ತಿನ್ನಬೇಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿತು. ಒಳ್ಳೆಯ ಸೋಯಾ ಹಾಕಿದ ಮಂಚೂರಿ ಕಂದು ಬಣ್ಣಕ್ಕಿರುತ್ತದೆ.

ಊಟಕ್ಕೆ ಕೊಲಾಬಾದ ರೀಗಲ್ ಸಿನೆಮಾ ಹಿಂದಿನ ಲಿಂಗ್ಸ್ ಪೆವಿಲಿಯನ್‌ಗೆ ಹೋಗಬಹುದು. ಚೀನೀ ಮೂಲದ ಕುಟುಂಬವೇ ನಡೆಸಿಕೊಂಡು ಬಂದಿರುವ ಹಳೇ ಜಾಗ. ಅಲ್ಲಿಗೆ ಹೋಗಿ ಶೆಜ್ವಾನ್ ಫ್ರೈಡ್ ರೈಸ್ ಕೇಳಬೇಡಿ ಮಾರಾಯ್ರೆ, ಅದು ಡೊಂಬಿವಲಿ ಸ್ಟೇಷನ್ ಹೊರಗೂ ಸಿಗುತ್ತದೆ. ಕ್ಯಾಂಟನ್ ಅಡುಗೆಯ ಹೆಚ್ಚುಗಾರಿಕೆ ಅದರ ಮಿತದಲ್ಲಿದೆ. ಆವಿಯಲ್ಲಿ ಬೆಂದ ಇಡೀ ಮೀನು, ಮೇಲೆ ಶುಂಠಿಯ ಎಳೆ, ಈರುಳ್ಳಿ ಹೂವಿನ ಕಡ್ಡಿ, ಸ್ವಲ್ಪ ಸೋಯಾ, ಕಾದ ಎಣ್ಣೆ. ಮಾಂಜಿಯನ್ನು ಮಸಾಲೆಯಲ್ಲಿ ಮುಳುಗಿಸಿಯೇ ಗೊತ್ತಿರುವ ನಮಗೆ ಮೊದಲ ತುತ್ತಿಗೆ ‘ಇದೇನು ಪಥ್ಯ’ ಅನಿಸುತ್ತದೆ. ಮೂರನೇ ತುತ್ತಿಗೆ ಮೀನಿನ ರುಚಿ ಏನು ಅಂತ ಗೊತ್ತಾಗುತ್ತದೆ. ನಿಮ್ಮ ಯಜಮಾನರಿಗೆ ಇದನ್ನು ಕೊಡಿಸಿ, ಮನೆಗೆ ಬಂದು ಹೇಳುವುದು ಬಿಡುವುದು ಅವರಿಗೆ ಸೇರಿದ್ದು.

ವಾಪಸು ಬರುವಾಗ ದಾದರಿನಲ್ಲಿ ಇಳಿಯಿರಿ. ಕೊಂಕಣದ ಸಾಮಾನು ಮಾರುವ ಅಂಗಡಿಯಲ್ಲಿ ‘ತಿರ್ಫಳ’ ಕೇಳಿ. ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲೂ ಸಿಗುತ್ತದೆ. ಕೊಂಕಣಿಗರು ಬಂಗುಡೆ ಹುಳಿಗೆ ಹಾಕುವ ತೆಪ್ಪಾಳ್ ಇದೇ, ಕನ್ನಡದಲ್ಲಿ ಜುಮ್ಮನಕಾಯಿ. ಹೆಸರೇ ಹೇಳುತ್ತದೆ, ಬಾಯಲ್ಲಿ ಇಟ್ಟರೆ ಜುಮ್ ಅನ್ನುತ್ತದೆ. ಚೀನಾದ ಸಿಚುವಾನ್ ಪ್ರಾಂತ್ಯದ ಮೆಣಸು ಇದರ ಹತ್ತಿರದ ಸಂಬಂಧಿ, ಎರಡೂ ಒಂದೇ ಕುಲದ ಗಿಡಗಳು. ‘ಶೆಜ್ವಾನ್’ ಅಂತ ನಾವು ಹೇಳುವುದು ಆ ಸಿಚುವಾನ್ ಹೆಸರನ್ನೇ. ತಮಾಷೆ ಏನು ಗೊತ್ತಾ? ಮುಂಬೈಯ ಶೆಜ್ವಾನ್ ಚಟ್ನಿಯಲ್ಲಿ ಸಾಮಾನ್ಯವಾಗಿ ಆ ಮೆಣಸೇ ಇರುವುದಿಲ್ಲ. ಕೆಂಪು ಮೆಣಸು, ಬೆಳ್ಳುಳ್ಳಿ, ವಿನೆಗರ್ ಅಷ್ಟೇ. ನಾನೇ ಹತ್ತು ವರ್ಷ ಅದನ್ನು ಕೊಳಗಗಟ್ಟಲೆ ಮಾಡಿದ್ದೇನೆ. ಅಸಲು ಸಿಚುವಾನ್ ಅಡುಗೆ ಮೊದಲ ಸಲ ತಿಂದಾಗ ತುಟಿ ಮರಗಟ್ಟಿತು. ಆಗ ನೆನಪಾದದ್ದು ಚೀನಾ ಅಲ್ಲ, ಊರಲ್ಲಿ ಪಕ್ಕದ ಮನೆಯ ಕೊಂಕಣಿ ಅಮ್ಮನ ತೆಪ್ಪಾಳ್ ಹಾಕಿದ ಸಾಂಬಾರು.

ಆ ರಾತ್ರಿ ಆಲೂಗಡ್ಡೆ ಮಾಡಿ. ಸಿಚುವಾನಿನ ಮನೆಮನೆಯಲ್ಲೂ ಮಾಡುವ ಅಡುಗೆ, ಹೋಟೆಲಿನಲ್ಲಿ ಸಿಗುವುದು ಕಡಿಮೆ. ಮೂರು ದೊಡ್ಡ ಆಲೂಗಡ್ಡೆಯನ್ನು ಬೆಂಕಿಕಡ್ಡಿಯಷ್ಟು ತೆಳ್ಳಗೆ ಹೆಚ್ಚಿ ನೀರಲ್ಲಿ ಹಾಕಿ. ಎರಡು ಮೂರು ಸಲ ನೀರು ಬದಲಿಸಿ, ಪಿಷ್ಟ ಹೋಗಿ ನೀರು ತಿಳಿಯಾಗಬೇಕು. ಚೆನ್ನಾಗಿ ಬಸಿಯಿರಿ. ಕಬ್ಬಿಣದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಣ್ಣ ಉರಿ, ಎಂಟು ಹತ್ತು ತೆಪ್ಪಾಳ್. ಒಳಗಿನ ಕಪ್ಪು ಬೀಜ ತೆಗೆದು ಸಿಪ್ಪೆ ಮಾತ್ರ ಹಾಕಬೇಕು. ಪರಿಮಳ ಬಂದ ಮೇಲೆ ಸಿಪ್ಪೆಯನ್ನು ಎತ್ತಿಬಿಡಿ. ನಾಲ್ಕು ಬ್ಯಾಡಗಿ ಮೆಣಸು ಮುರಿದು ಹಾಕಿ. ಈಗ ಉರಿ ಪೂರ್ತಿ ಏರಿಸಿ ಆಲೂಗಡ್ಡೆ ಹಾಕಿ, ಮೂರೇ ನಿಮಿಷ ಕೈಯಾಡಿಸಿ. ಉಪ್ಪು, ಬಾಣಲೆಯ ಅಂಚಿನಿಂದ ಒಂದು ಚಮಚ ವಿನೆಗರ್. ಮುಗಿಯಿತು. ಆಲೂಗಡ್ಡೆ ಕರುಂ ಅನ್ನಬೇಕು. ಅತ್ತೆ ‘ಬೆಂದಿಲ್ಲ’ ಅಂತಾರೆ, ಖಂಡಿತ ಅಂತಾರೆ. ಅದು ಇರುವುದೇ ಹಾಗೆ ಅಂತ ಹೇಳಿ. ಈರುಳ್ಳಿ ಬೆಳ್ಳುಳ್ಳಿ ಇದಕ್ಕೆ ಬೇಡವೇ ಬೇಡ.

ಮನೆಯ ಗ್ಯಾಸಿನಲ್ಲಿ ಹೋಟೆಲಿನ ಹೊಗೆ ರುಚಿ ಬರುವುದಿಲ್ಲ ಅಂತ ಎಷ್ಟೋ ಜನ ಕೊರಗುತ್ತಾರೆ. ಬರುವುದಿಲ್ಲ, ನಿಜ. ನಮ್ಮ ಭಟ್ಟಿಯ ಉರಿ ಮನೆಯ ಒಲೆಯ ಹತ್ತು ಪಟ್ಟು ಅಂದರೂ ಹೆಚ್ಚಲ್ಲ. ಅದಕ್ಕೆ ಉಪಾಯ ಇಷ್ಟೇ, ಒಂದು ಸಲಕ್ಕೆ ಒಂದೇ ಪ್ಲೇಟಿನಷ್ಟು ಮಾಡಿ. ನಾಲ್ಕು ಜನರದ್ದು ಒಟ್ಟಿಗೆ ಸುರಿದರೆ ತರಕಾರಿ ಹುರಿಯುವುದಿಲ್ಲ, ಬೇಯುತ್ತದೆ. ಫ್ರೈಡ್ ರೈಸಿಗೆ ಹಿಂದಿನ ದಿನ ಫ್ರಿಜ್ಜಿನಲ್ಲಿಟ್ಟ ಕೋಲಂ ಅಕ್ಕಿಯ ಅನ್ನ ಸಾಕು, ಬಾಸ್ಮತಿ ದಂಡ.

ಅದೇ ಗುರುವಾರ ರಾತ್ರಿ ಇನ್ನೊಂದು ಕೆಲಸ ಇದೆ, ಭಾನುವಾರದ ಕಿಮ್ಚಿ, ಅಂದರೆ ಕೊರಿಯಾದವರ ಹುಳಿ ಬರಿಸಿದ ಕ್ಯಾಬೇಜ್. ಅದನ್ನು ಆಮೇಲೆ ಹೇಳುತ್ತೇನೆ, ಆದರೆ ಓದಿ ಮುಗಿಸುವ ತನಕ ಕ್ಯಾಬೇಜ್ ತರುವುದನ್ನು ಮರೆಯಬೇಡಿ.

ಶುಕ್ರವಾರ ಅತ್ತೆಯ ದಿನ. ಫೋರ್ಟಿನ ಕಾಲಾ ಘೋಡಾ ಹತ್ತಿರ ಬರ್ಮಾ ಬರ್ಮಾ ಅಂತ ಇದೆ, 2014ರಲ್ಲಿ ಶುರುವಾದದ್ದು, ಪೂರ್ತಿ ಸಸ್ಯಾಹಾರಿ. ಮಧ್ಯಾಹ್ನದ ಗಾಡಿಯಲ್ಲಿ ಸೀಟು ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿಸಿ, ಅಲ್ಲಿಂದ ಟ್ಯಾಕ್ಸಿ ಮಾಡಿ. ಟೇಬಲ್ ಮೊದಲೇ ಹೇಳಿಡಿ, ಕುಳಿತು ಏಳಲು ಸುಲಭವಾದ ಕುರ್ಚಿ ಬೇಕು ಅಂತಲೂ ಹೇಳಿ. ನಾಲ್ಕು ಜನಕ್ಕೆ ಎರಡು ಸಲಾಡ್, ಎರಡು ಖಾವ್ ಸ್ವೇ (ತೆಂಗಿನಹಾಲಿನ ರಸದ ನೂಡಲ್ಸ್), ಒಂದು ಸಮೋಸಾ ಸೂಪ್ ಸಾಕು. ಸಮೋಸಾ ಸೂಪಾ ಅಂತ ಮೂಗು ಮುರಿಯಬೇಡಿ. ಹುಳಿ ಹುಳಿ ಸಾರಿನಲ್ಲಿ ಸಮೋಸಾ ಒಡೆದು ಹಾಕಿರುತ್ತಾರೆ, ನಮ್ಮ ಮಿಸಳಿನ ದೂರದ ನೆಂಟ. ಚಹಾ ಎಲೆಯ ಸಲಾಡ್ ಮಾತ್ರ ತಪ್ಪಿಸಬೇಡಿ. ಬರ್ಮಾದವರು ಚಹಾವನ್ನು ಕುಡಿಯುವುದಷ್ಟೇ ಅಲ್ಲ, ಎಲೆಯನ್ನು ಹುಳಿ ಬರಿಸಿ ತಿನ್ನುತ್ತಾರೆ. ಅದಕ್ಕೆ ಹುರಿದ ಕಾಳು, ಶೇಂಗಾ, ಎಳ್ಳು ಬೆರೆಸುತ್ತಾರೆ. ಕರಿದ ಬೆಳ್ಳುಳ್ಳಿಯೂ ಬೀಳುತ್ತದೆ, ಹಾಗಾಗಿ ಅತ್ತೆಯ ತಟ್ಟೆಗೆ ಅದನ್ನು ಬಿಟ್ಟು ಕೊಡಲು ಮೊದಲೇ ಹೇಳಬೇಕು.

ಸಮೋಸಾ ಬರ್ಮಾಕ್ಕೆ ಹೇಗೆ ಹೋಯಿತು ಅಂತ ಮಗಳು ಕೇಳಿದರೆ: 1931ರ ಜನಗಣತಿ ಹೊತ್ತಿಗೆ ರಂಗೂನಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರೇ. 1942ರಲ್ಲಿ ಜಪಾನೀಯರು ನುಗ್ಗಿದಾಗ ಸಾವಿರಾರು ಜನ ನಡೆದುಕೊಂಡೇ ವಾಪಸು ಬಂದರು. 1962ರಲ್ಲಿ ಸೈನ್ಯದ ಆಡಳಿತ ಬಂದು ಅಂಗಡಿ ಮುಂಗಟ್ಟುಗಳನ್ನು ಸರ್ಕಾರ ವಶ ಮಾಡಿಕೊಂಡ ಮೇಲೆ ಇನ್ನಷ್ಟು ಜನ ಬಂದರು. ಬರುವಾಗ ಗಂಟಿನಲ್ಲಿ ಚಿನ್ನ ತರಲು ಬಿಡಲಿಲ್ಲ, ಅಡುಗೆಯನ್ನು ಯಾರೂ ತಡೆಯಲಿಲ್ಲ. ಸೂರತ್ತಿನ ಖಾವ್ಸಾ, ಚೆನ್ನೈ ಬರ್ಮಾ ಬಜಾರಿನ ಅತ್ತೋ ಎಂಬ ನೂಡಲ್ಸ್ ಅಡುಗೆಗಳೆಲ್ಲ ಆ ಗಂಟಿನಿಂದ ಬಿಚ್ಚಿದ್ದು.

ಖಾವ್ ಸ್ವೇ ಅನ್ನು ನಾನು ಈ ನಾಲ್ಕು ದಿನದ ಮುಖ್ಯ ಅಡುಗೆ ಅನ್ನುತ್ತೇನೆ. ಕಾರಣ ಇದೆ. ಅದರಲ್ಲಿ ತೆಂಗಿನಹಾಲಿನ ರಸ ಸಪ್ಪೆಯಾಗಿರುತ್ತದೆ, ಖಾರ ಹುಳಿ ಎಲ್ಲ ಮೇಲಿನಿಂದ. ಪುಟ್ಟ ಪುಟ್ಟ ಬಟ್ಟಲಲ್ಲಿ ಕರಿದ ಈರುಳ್ಳಿ, ಕರಿದ ಬೆಳ್ಳುಳ್ಳಿ, ಶೇಂಗಾ ತರಿ, ಮೆಣಸಿನ ಪುಡಿ, ನಿಂಬೆ, ಕೊತ್ತಂಬರಿ ಇಟ್ಟಿರುತ್ತಾರೆ. ಯಾರಿಗೆ ಯಾವುದು ಬೇಕೋ ಅದನ್ನು ಅವರವರೇ ಹಾಕಿಕೊಳ್ಳಬೇಕು. ಒಂದೇ ಪಾತ್ರೆಯ ಅಡುಗೆ, ಅತ್ತೆಯ ಬಟ್ಟಲು ಬೇರೆ, ಮಗಳ ಬಟ್ಟಲು ಬೇರೆ. ನಿಮ್ಮ ಮನೆಯ ಜಗಳಕ್ಕೆ ಅಂತಲೇ ಮಾಡಿದ ಹಾಗಿದೆ.

ಬರ್ಮಾದಲ್ಲಿ ಇದಕ್ಕೆ ಗೋಧಿಯ ಮೊಟ್ಟೆ ನೂಡಲ್ಸ್, ಕೋಳಿ ಹಾಕುತ್ತಾರೆ. ನೀವು ಒತ್ತು ಶಾವಿಗೆ ಮಾಡಿ. ಅಟ್ಟದ ಮೇಲಿನ ಶಾವಿಗೆ ಒರಳನ್ನು ಇಳಿಸಿ ಅತ್ತೆಯ ಮುಂದೆ ಇಟ್ಟರೆ ಮುಂದಿನದು ಅವರಿಗೇ ಗೊತ್ತು. ಒತ್ತುವ ಕೆಲಸ ಮಾತ್ರ ಯಜಮಾನರಿಗೆ ಕೊಡಿ. ಒಂದು ದೊಡ್ಡ ತೆಂಗಿನಕಾಯಿ ತುರಿದು ಮೊದಲ ಹಾಲು ಒಂದೂವರೆ ಕಪ್, ಎರಡನೇ ಹಾಲು ಮೂರು ಕಪ್ ತೆಗೆದಿಡಿ. ಮೂರು ದೊಡ್ಡ ಚಮಚ ಕಡಲೆಹಿಟ್ಟನ್ನು ಒಣಗಲೇ ಘಮ್ ಅನ್ನುವ ತನಕ ಹುರಿದು ಒಂದು ಕಪ್ ನೀರಲ್ಲಿ ಗಂಟಿಲ್ಲದೆ ಕದಡಿ. ಎಣ್ಣೆಯಲ್ಲಿ ತುರಿದ ಶುಂಠಿ, ಅರ್ಧ ಚಮಚ ಅರಿಸಿನ, ಒಂದು ಚಮಚ ಬ್ಯಾಡಗಿ ಪುಡಿ. ಅದಕ್ಕೆ ಕ್ಯಾರೆಟ್, ಬೀನ್ಸ್, ಎಳೆ ಸೋರೆ ಹಾಕಿ ಎರಡನೇ ಹಾಲಲ್ಲಿ ಬೇಯಿಸಿ. ಕಡಲೆಹಿಟ್ಟಿನ ನೀರು ಸೇರಿಸಿ ಐದಾರು ನಿಮಿಷ ಕುದಿಸಿ, ಉಪ್ಪು, ಒಂದು ಚಮಚ ಸೋಯಾ. ಕೊನೆಗೆ ಮೊದಲ ಹಾಲು. ಅದು ಹೋದ ಮೇಲೆ ಕುದಿಯಬಾರದು, ಒಡೆಯುತ್ತದೆ. ಇದನ್ನು ಉಡುಪಿಯವರಿಗೆ ನಾನು ಹೇಳಿದರೆ ನಗುತ್ತಾರೆ.

ಈಗ ಕಹಿ ಮಾತು. ಬರ್ಮಾ ಬರ್ಮಾದಲ್ಲಿ ನಿಶ್ಚಿಂತೆಯಿಂದ ತಿನ್ನಬಹುದು ಅಂದೆ, ಯಾಕೆಂದರೆ ಅಡುಗೆಮನೆಯೇ ಸಸ್ಯಾಹಾರಿ. ಬೇರೆ ಕಡೆ ಮೆನುವಿನ ಹಸಿರು ಚುಕ್ಕೆಯನ್ನಷ್ಟೇ ನಂಬಬೇಡಿ. ನಾನು ಒಂದು ಕಾಲದಲ್ಲಿ ಕೆಲಸ ಮಾಡಿದ ಒಂದು ಹೋಟೆಲಿನಲ್ಲಿ ವೆಜ್ ಸೂಪಿಗೂ ನಾನ್‌ವೆಜ್ ಸೂಪಿಗೂ ಒಂದೇ ಕೋಳಿ ನೀರು. ಕೇಳಿದ್ದಕ್ಕೆ ‘ತುಂಡು ಹಾಕಿಲ್ಲವಲ್ಲ’ ಅಂದರು. ನಾಲ್ಕು ತಿಂಗಳು ಸುಮ್ಮನಿದ್ದು ಆಮೇಲೆ ಬಿಟ್ಟೆ. ಆ ನಾಲ್ಕು ತಿಂಗಳಿಗೆ ಈಗಲೂ ನಾಚಿಕೆ ಇದೆ. ಥಾಯ್ ಕರಿಯ ಪೇಸ್ಟಿನಲ್ಲಿ ಒಣ ಸಿಗಡಿ ಅರೆದಿರುತ್ತಾರೆ. ಪಪ್ಪಾಯಿ ಸಲಾಡಿನಲ್ಲಿ ಮೀನಿನ ಸಾಸ್ ಇರುತ್ತದೆ. ಜಪಾನಿನ ಮಿಸೋ ಸೂಪಿನ ನೀರು ಒಣಮೀನಿನದು. ಕೊರಿಯಾದ ಕಿಮ್ಚಿಯಲ್ಲಿ ಉಪ್ಪು ಸಿಗಡಿ. ‘ಆಯ್ಸ್ಟರ್ ಸಾಸ್’ ಹೆಸರಲ್ಲೇ ಇದೆ. ಕೇಳುವಾಗ ‘ವೆಜ್ಜಾ?’ ಅನ್ನಬೇಡಿ, ಹೌದು ಅಂತಾರೆ. ‘ಪೇಸ್ಟ್ ಇಲ್ಲೇ ಅರೆಯುತ್ತೀರೋ, ಡಬ್ಬದ್ದೋ? ಸೂಪಿನ ನೀರು ಯಾವುದು?’ ಅಂತ ಕೇಳಿ. ಇನ್ನೊಂದು ಗುಟ್ಟು: ಕ್ಯಾಪ್ಟನ್ ಎದೆಯ ಮೇಲಿನ ಹೆಸರು ನೋಡಿ. ಶೆಟ್ಟಿ, ಪೂಜಾರಿ ಅಂತ ಇದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಕೇಳಿ. ಊರಿನ ಭಾಷೆಯಲ್ಲಿ ಕೇಳಿದವರಿಗೆ ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ.

ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೆ ಆ ಕಡೆಯ ಅಡುಗೆಯೇ ಇಲ್ಲ ಅಂತ ನಿಮ್ಮ ಮಗಳು ಹೇಳಿದರೆ ಒಪ್ಪಬೇಡಿ. ಚೀನಾ, ಕೊರಿಯಾ, ಜಪಾನಿನ ಬೌದ್ಧ ಮಠಗಳಲ್ಲಿ ಅವೆರಡೂ ನಿಷಿದ್ಧ. ಥಾಯ್ ಭಾಷೆಯಲ್ಲಿ ಅಂಥ ಊಟಕ್ಕೆ ‘ಜೇ’ ಅಂತಲೇ ಹೆಸರು. ಅತ್ತೆಗೆ ಹೇಳಿ, ಬ್ಯಾಂಕಾಕಿನಲ್ಲೂ ಅವರ ಮಡಿಗೆ ಒಂದು ಶಬ್ದ ಇದೆ ಅಂತ.

ಅಜಿನೊಮೊಟೊ ಬಗ್ಗೆ ಒಂದೇ ಮಾತು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆದಾ ಕಡಲಪಾಚಿಯ ನೀರಿನಿಂದ ಬೇರ್ಪಡಿಸಿದ ರುಚಿ ಅದು. ವಿಷ ಅಂತ ಹೆದರಬೇಕಾಗಿಲ್ಲ. ಆದರೆ ಕೆಟ್ಟ ಅಡುಗೆಯನ್ನು ಮುಚ್ಚಲು ಅದನ್ನು ಸುರಿಯುವವರನ್ನು ನಾನು ತುಂಬ ನೋಡಿದ್ದೇನೆ. ಮನೆಗೆ ಬೇಡ.

ಶನಿವಾರ ಥಾಯ್. ದುಡ್ಡಿನ ದೊಡ್ಡ ಪಾಲು ಇಲ್ಲಿ ಖರ್ಚು ಮಾಡಿ, ಥಾಯ್ಲೆಂಡಿಗೆ ಹೋಗಬೇಕು ಅಂತ ಇದ್ದವರಲ್ಲವೇ ನೀವು. ಕಫ್ ಪರೇಡಿನ ಪ್ರೆಸಿಡೆಂಟ್ ಹೋಟೆಲಿನ ಥಾಯ್ ಪೆವಿಲಿಯನ್ 1993ರಿಂದ ಇದೆ. ಶೆಫ್ ಆನಂದ ಸಾಲೊಮನ್ ಕಟ್ಟಿದ ಹೆಸರು. ಮುಂಬೈಯ ಎಷ್ಟೋ ಜನ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಪರಿಮಳವನ್ನು ಊಟದಲ್ಲಿ ಮೊದಲು ಕಂಡದ್ದು ಅಲ್ಲಿಯೇ. ಈಗ ಭೂಗತ ಮೆಟ್ರೋ ಸಿಎಸ್‌ಎಂಟಿಯಿಂದ ಕಫ್ ಪರೇಡ್ ತನಕ ಹೋಗುತ್ತದೆ, ಲಿಫ್ಟ್ ಇದೆ, ಅತ್ತೆಯ ಕಾಲಿಗೂ ತೊಂದರೆ ಇಲ್ಲ. ಪಂಚತಾರಾ ಹೋಟೆಲಿನ ಒಳಗಿನ ರೆಸ್ಟೋರೆಂಟ್ ಅಂದರೆ ಬಿಲ್ಲಿನ ಮೇಲೆ ಜಿಎಸ್‌ಟಿ ಶೇಕಡಾ 18, ಹೊರಗಿನ ಸಾಧಾರಣ ರೆಸ್ಟೋರೆಂಟಿನಲ್ಲಿ 5. ಇದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಆರ್ಡರ್ ಮಾಡಿ. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ. ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಬೇಡ ಅಂತ ಮೆತ್ತಗೆ ಹೇಳಿ ತೆಗೆಸಿ, ಬಡಿಸಿದ ಹುಡುಗನ ಕೈಗೆ ನೇರವಾಗಿ ಕೊಡಿ. ನಾನಂತೂ ಹಾಗೆ ಮಾಡುತ್ತೇನೆ, ಆ ಜಾಗದಲ್ಲಿ ನಿಂತಿದ್ದವನು ನಾನೂ ಹೌದು. ಒಂದು ಸಲಾಡ್, ಎರಡು ಕರಿ, ಅನ್ನ, ಒಂದು ಸಿಹಿ. ಸಾಕು. ಮೆನು ನೋಡಿ ದುಡ್ಡು ಜಾಸ್ತಿ ಅನಿಸಿದರೆ ಇಬ್ಬರೇ ಹೋಗಿ ಬನ್ನಿ, ಅಜ್ಜಿ ಮೊಮ್ಮಗಳು ಮನೆಯಲ್ಲಿ ಶಾವಿಗೆ ಉಳಿದಿದ್ದನ್ನು ಕಾಯಿಹಾಲಿಗೆ ಹಾಕಿಕೊಂಡು ತಿನ್ನಲಿ. ಮದುವೆಯಾಗಿ ಹದಿನೈದು ವರ್ಷ ಆಗಿರಬಹುದಲ್ಲ ನಿಮಗೆ, ಇಬ್ಬರೇ ಕೂತು ಊಟ ಮಾಡಿ ಎಷ್ಟು ದಿನವಾಯಿತು?

ಮಜ್ಜಿಗೆ ಹುಲ್ಲು ಹುಡುಕಿಕೊಂಡು ದೊಡ್ಡ ಅಂಗಡಿಗೆ ಹೋಗಬೇಡಿ. ಅಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೂರು ಕಡ್ಡಿಗೆ ಕೇಳಿದಷ್ಟು ಬೆಲೆ. ನಿಮ್ಮ ಸ್ಟೇಷನ್ ಹೊರಗಿನ ಭಾಜಿಯವಳ ಹತ್ತಿರ ‘ಗವತಿ ಚಹಾ’ ಕೇಳಿ. ಮುಂಬೈಯವರು ಚಹಾಕ್ಕೆ ಶುಂಠಿ ಪುದೀನದ ಜೊತೆ ಹಾಕುವ ಹುಲ್ಲು ಅದೇ ಮಜ್ಜಿಗೆ ಹುಲ್ಲು. ಚಹಾಕ್ಕೆ ಎಲೆ ಸಾಕು, ಥಾಯ್ ಅಡುಗೆಗೆ ಬೇಕಾದದ್ದು ಬುಡದ ಬಿಳಿ ದಂಟು. ಬುಡ ಇರುವ ಕಟ್ಟು ಆರಿಸಿ. ಬರೀ ಎಲೆ ಸಿಕ್ಕರೆ ಗಂಟು ಹಾಕಿ ಕುದಿಸಿ, ಆಮೇಲೆ ತೆಗೆದುಬಿಡಿ. ಬೇರು ಅಂಟಿಕೊಂಡಿರುವ ದಂಟು ಸಿಕ್ಕರೆ ನೀರಲ್ಲಿ ನಿಲ್ಲಿಸಿ, ಚಿಗುರಿದ ಮೇಲೆ ಕುಂಡಕ್ಕೆ ಹಾಕಿ. ಬಾಲ್ಕನಿಯಲ್ಲಿ ಕಳೆಯ ಹಾಗೆ ಬೆಳೆಯುತ್ತದೆ.

ರಾತ್ರಿಗೆ ಟೊಮ್ ಯಮ್, ಥಾಯ್ ಜನರ ಹುಳಿ ಖಾರದ ಸೂಪ್. ಐದು ಕಪ್ ನೀರಿಗೆ ಜಜ್ಜಿದ ಮೂರು ದಂಟು, ಹೆಬ್ಬೆರಳಷ್ಟು ಶುಂಠಿಯ ಬಿಲ್ಲೆಗಳು, ಎರಡು ನಿಂಬೆ ಎಲೆ ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸಿ. ಎರಡು ಟೊಮೇಟೊ ಹೋಳು, ಸೀಮೆ ಬದನೆ, ಜಜ್ಜಿದ ನಾಲ್ಕು ಸೂಜಿ ಮೆಣಸು. ಥಾಯ್ ಮೆಣಸು ಅಂತ ಮಾರುವುದೂ ಹೆಚ್ಚುಕಡಿಮೆ ಇಂಥದ್ದೇ. ಉಪ್ಪು, ಚಿಟಿಕೆ ಬೆಲ್ಲ. ಒಲೆ ಆರಿಸಿದ ಮೇಲೆ ನಿಂಬೆರಸ, ಕುದಿಯುವಾಗ ಹಾಕಿದರೆ ಕಹಿ. ದಂಟು, ಶುಂಠಿ ಬಟ್ಟಲಿಗೆ ಬಂದರೆ ಕರಿಬೇವಿನ ಹಾಗೆ ಬದಿಗೆ ಇಡಬೇಕು, ಜಗಿಯಬಾರದು. ಮೀನಿನ ಸಾಸಿನ ಜಾಗಕ್ಕೆ ಸ್ವಲ್ಪ ಸೋಯಾ ಹಾಕಬಹುದು. ಅಸಲು ರುಚಿ ಪೂರ್ತಿ ಬರುವುದಿಲ್ಲ, ಆದರೂ ತಿಳಿಸಾರು ಕುಡಿದು ಬೆಳೆದವರಿಗೆ ಇದು ಹತ್ತು ನಿಮಿಷದಲ್ಲಿ ಒಗ್ಗುತ್ತದೆ.

ಇನ್ನು ಕಿಮ್ಚಿ. ಒಂದು ಕಿಲೋ ಕ್ಯಾಬೇಜ್, ಮಾಮೂಲಿಯದೇ ಆಗಲಿ, ಅಗಲಕ್ಕೆ ಹೆಚ್ಚಿ ಮೂರು ದೊಡ್ಡ ಚಮಚ ಉಪ್ಪು ಬೆರೆಸಿ ಎರಡು ಗಂಟೆ ಬಿಡಿ. ತೊಳೆದು ಹಿಂಡಿ. ಒಂದು ಚಮಚ ಅಕ್ಕಿ ಹಿಟ್ಟಿನ ತೆಳು ಗಂಜಿ ಕಾಯಿಸಿ ಆರಿಸಿ. ಅದಕ್ಕೆ ತರಿಯಾಗಿ ಕುಟ್ಟಿದ ಬ್ಯಾಡಗಿ ನಾಲ್ಕು ಚಮಚ, ತುರಿದ ಶುಂಠಿ, ಮೂಲಂಗಿ, ಚೂರು ಬೆಲ್ಲ. ಕೊರಿಯಾದ ಮೆಣಸಿನ ತರಿ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾವೇರಿಯ ಬ್ಯಾಡಗಿಯ ಗುಣವೂ ಅದೇ, ದುಬಾರಿ ಪೊಟ್ಟಣ ಯಾಕೆ? ಎಲ್ಲ ಕಲಸಿ ಗಾಜಿನ ಭರಣಿಗೆ ಒತ್ತಿ ತುಂಬಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಮುಂಬೈ ಸೆಕೆಯಲ್ಲಿ ಒಂದು ದಿನ ಹೊರಗಿಟ್ಟರೆ ಹುಳಿ ಶುರುವಾಗುತ್ತದೆ. ಶುಕ್ರವಾರ ರಾತ್ರಿ ಒಂದು ಸಲ ಮುಚ್ಚಳ ತೆರೆದು ಗಾಳಿ ಬಿಟ್ಟು ಫ್ರಿಜ್ಜಿಗೆ ಹಾಕಿ. ಭಾನುವಾರಕ್ಕೆ ತಯಾರು. ಇದನ್ನು ಬೇಕಾದರೆ ಉಪ್ಪಿನಕಾಯಿ ಅಂತಲೇ ಅತ್ತೆಗೆ ಪರಿಚಯ ಮಾಡಿಸಿ.

ಕೊರಿಯನ್ ಹೋಟೆಲಿಗೆ ಯಾಕೆ ಕಳಿಸಲಿಲ್ಲ ಅಂತ ಮಗಳು ಮುನಿಸಿಕೊಂಡಾಳು. ಅವಳು ಮೊಬೈಲಿನಲ್ಲಿ ನೋಡುವ ಕೆಂಪು ರಸದ ಅಕ್ಕಿ ಕಡುಬು ಇದೆಯಲ್ಲ, ತೊಕ್‌ಬೊಕ್ಕಿ, ಅದನ್ನು ಮನೆಯಲ್ಲೇ ಮಾಡಬಹುದು. ಅಕ್ಕಿ ರೊಟ್ಟಿಗೆ ಉಕ್ಕರಿಸುವ ಹಾಗೆ ಎರಡು ಕಪ್ ಅಕ್ಕಿ ಹಿಟ್ಟನ್ನು ಕುದಿಯುವ ನೀರಲ್ಲಿ ಕಲಸಿ, ಬಿಸಿ ಇರುವಾಗಲೇ ಚೆನ್ನಾಗಿ ನಾದಿ, ಬೆರಳಿನಷ್ಟು ಉದ್ದಕ್ಕೆ ಹೊಸೆದು ಕಾಲು ಗಂಟೆ ಆವಿಯಲ್ಲಿಡಿ. ಆಮೇಲೆ ತಣ್ಣೀರಲ್ಲಿ ಮುಳುಗಿಸಿ ತೆಗೆಯಿರಿ. ಪುಂಡಿ ಮಾಡಿದವರ ಕೈಗೆ ಇದು ಆಟ. ರಸಕ್ಕೆ ಗೋಚುಜಾಂಗ್ ಎಂಬ ಮೆಣಸಿನ ಪೇಸ್ಟ್ ಒಂದನ್ನು ಮಾತ್ರ ಕೊಳ್ಳಬೇಕು, ಕ್ರಾಫರ್ಡ್ ಮಾರ್ಕೆಟಿನಲ್ಲಿ ವಿದೇಶಿ ಸಾಸ್ ಮಾರುವ ಅಂಗಡಿಗಳಲ್ಲಿ ಕೇಳಿ. ಲೇಬಲ್ ಓದಿ, ಬೆಳ್ಳುಳ್ಳಿ ಇರುವುದೇ ಹೆಚ್ಚು. ಎರಡು ದೊಡ್ಡ ಚಮಚ ಪೇಸ್ಟ್, ಒಂದು ಚಮಚ ಬೆಲ್ಲ, ಒಂದು ಚಮಚ ಸೋಯಾ, ಎರಡು ಕಪ್ ನೀರು ಕುದಿಸಿ, ಕಡುಬು ಹಾಕಿ ರಸ ದಪ್ಪವಾಗುವ ತನಕ ಬಿಡಿ. ಕೊರಿಯಾದಲ್ಲಿ ಬೆಂದ ಅಕ್ಕಿಯನ್ನು ಕುಟ್ಟಿ ಕುಟ್ಟಿ ರಬ್ಬರಿನ ಹಾಗೆ ಮಾಡುತ್ತಾರೆ, ನಮ್ಮದು ಅದಕ್ಕಿಂತ ಮೆತ್ತಗೆ ಬರುತ್ತದೆ. ಅತ್ತೆಯ ಪಾಲಿನ ಕಡುಬನ್ನು ರಸಕ್ಕೆ ಹಾಕುವ ಮುಂಚೆಯೇ ಎತ್ತಿಟ್ಟು ಕಾಯಿ ಬೆಲ್ಲದ ಜೊತೆ ಕೊಡಿ.

ಕೊನೆಗೆ ಚಾಪ್‌ಸ್ಟಿಕ್. ಕ್ರಾಫರ್ಡ್ ಮಾರ್ಕೆಟಿನಲ್ಲೇ ಬಿದಿರಿನದು ತಗೊಳ್ಳಿ, ಹೊಳೆಯುವ ಪ್ಲಾಸ್ಟಿಕ್ ಬೇಡ, ಜಾರುತ್ತದೆ. ಕೊರಿಯಾದವರು ಬಳಸುವುದು ಲೋಹದ್ದು, ಅದು ಇನ್ನೂ ಕಷ್ಟ, ಕಲಿತ ಮೇಲೆ ನೋಡೋಣ ಅನ್ನಿ. ಬುಧವಾರವೇ ಕೊಟ್ಟು ಒಂದು ಬಟ್ಟಲು ಶೇಂಗಾ ಮುಂದಿಡಿ, ಗುರುವಾರದ ಹೊತ್ತಿಗೆ ಕೈ ಪಳಗುತ್ತದೆ. ಶನಿವಾರ ಮಾತ್ರ ಮನೆಯಲ್ಲೇ ಬಿಟ್ಟು ಬರಲಿ. ಥಾಯ್ ಜನ ಅನ್ನ ತಿನ್ನುವುದು ಚಮಚ ಫೋರ್ಕಿನಲ್ಲಿ. ಎಡಗೈಯ ಫೋರ್ಕಿನಿಂದ ಚಮಚಕ್ಕೆ ತಳ್ಳಿಕೊಂಡು ತಿನ್ನುತ್ತಾರೆ.